ಹಳೆಯ ಗುಡಿ, ಹೊಸ ಪಾಯ: ನೆಲದೊಳಗಿನ ಕಂಪನದ ಲೆಕ್ಕ

ಸಾವಿರ ವರ್ಷ ನಿಂತ ಕಟ್ಟಡಕ್ಕೆ ಇನ್ನೇನು ಆದೀತು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇದರಲ್ಲಿ ಅರ್ಧ ಮಾತ್ರ ಸತ್ಯವಿದೆ. ಹಳೆಯ ಕಲ್ಲಿನ ಕಟ್ಟಡ ತನ್ನ ಭಾರಕ್ಕೆ, ತನ್ನ ಕೆಳಗಿನ ಮಣ್ಣಿಗೆ, ಸುತ್ತಲಿನ ನೀರಿನ ಮಟ್ಟಕ್ಕೆ ಹೊಂದಿಕೊಂಡು ನಿಂತಿರುತ್ತದೆ. ಈ ಸ್ಥಿತಿಗಳು ಬದಲಾಗದಿದ್ದರೆ ಅದು ಇನ್ನೂ ಬಹುಕಾಲ ನಿಲ್ಲಬಹುದು. ಆದರೆ ಪಕ್ಕದಲ್ಲಿ ಆಳವಾದ ಪಾಯ ತೋಡಿದಾಗ, ಕ್ವಾರಿಯಲ್ಲಿ ಬಂಡೆ ಸಿಡಿಸಿದಾಗ, ರಸ್ತೆಯ ಮೇಲೆ ಕಂಪಿಸುವ ರೋಲರ್ ಓಡಿಸಿದಾಗ ಈ ಸ್ಥಿತಿಗಳೇ ಬದಲಾಗುತ್ತವೆ. ಆಗ ಕಟ್ಟಡದ ವಯಸ್ಸು ಅದಕ್ಕೆ ರಕ್ಷಣೆಯಾಗುವುದಿಲ್ಲ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಪ್ರದೇಶವನ್ನೇ ನೋಡಿ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ ಮತ್ತು ಕಲ್ಲಿನ ಕೆತ್ತನೆಯ ನಾಗಕುಂಡವಿವೆ. ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಯಿದೆ. ಗಜೇಂದ್ರಗಡದಲ್ಲಿ ಬೆಟ್ಟದ ಮೇಲೆ ಕೋಟೆ, ಊರಾಚೆಯ ಬೆಟ್ಟದಲ್ಲಿ ಕಾಲಕಾಲೇಶ್ವರ ಗುಡಿ ಇವೆ. ನರಗುಂದದ ಗುಡ್ಡದ ಕೋಟೆ 1858ರ ಬಂಡಾಯದ ನೆನಪನ್ನು ಹೊತ್ತಿದೆ. ಇದೇ ನಾಡಿನಲ್ಲಿ ಹೆದ್ದಾರಿ ಅಗಲವಾಗುತ್ತಿದೆ, ಓಣಿಗಳಲ್ಲಿ ಕಾಂಕ್ರೀಟ್ ರಸ್ತೆ ಬರುತ್ತಿದೆ, ಬೋರ್‌ವೆಲ್ ಕೊರೆಯಲಾಗುತ್ತಿದೆ, ಬೆಟ್ಟಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಇವೆಲ್ಲ ಬೇಕಾದವುಗಳೇ. ಹಳೆಯದು ಉಳಿದು ಹೊಸದೂ ಬರಬೇಕಾದರೆ ಏನನ್ನು ಅಳೆಯಬೇಕು, ಎಷ್ಟರಲ್ಲಿ ನಿಲ್ಲಿಸಬೇಕು ಎಂಬುದನ್ನು ಭೌತವಿಜ್ಞಾನದ ನೆರವಿನಿಂದ ತಿಳಿಯೋಣ.

ಕಲ್ಲಿನ ಬಲ ಮತ್ತು ದೌರ್ಬಲ್ಯ

ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ಬಹಳ ಕಡಿಮೆ ತಡೆಯುತ್ತದೆ. ಚಾಲುಕ್ಯ ಶಿಲ್ಪಿಗಳಿಗೆ ಇದು ಅನುಭವದಿಂದ ಗೊತ್ತಿತ್ತು. ಆದ್ದರಿಂದ ಅವರು ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿ, ಭಾರವೇ ಕಟ್ಟಡವನ್ನು ಹಿಡಿದಿಡುವಂತೆ ಮಾಡಿದರು. ಇಂಥ ಕಟ್ಟಡದಲ್ಲಿ ಕಲ್ಲುಗಳನ್ನು ಜಾರದಂತೆ ತಡೆಯುವುದು ಘರ್ಷಣೆ.

ಘರ್ಷಣೆಯ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಸ್ಪ್ರಿಂಗನ್ನು ಎಳೆದು ಬಿಟ್ಟರೆ ಅದು ಮೊದಲಿನ ಜಾಗಕ್ಕೆ ಬರುತ್ತದೆ. ಘರ್ಷಣೆಯಿಂದ ನಿಂತ ಕಲ್ಲು ಕೂದಲೆಳೆಯಷ್ಟು ಜಾರಿದರೆ ಹಿಂದಕ್ಕೆ ಬರುವುದಿಲ್ಲ. ಮತ್ತೊಂದು ಕಂಪನಕ್ಕೆ ಇನ್ನೊಂದು ಎಳೆಯಷ್ಟು ಜಾರುತ್ತದೆ. ಒಂದೊಂದು ಕಂಪನವೂ ನಿರಪಾಯಕಾರಿ ಎನ್ನಿಸಿದರೂ ಸಾವಿರಾರು ಕಂಪನಗಳ ಮೊತ್ತ ಅಪಾಯಕಾರಿಯಾಗುವುದು ಹೀಗೆ. ಇದರ ಜೊತೆಗೆ ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಕಲ್ಲಿನ ತೊಲೆಯ ಕೆಳಮೈಯಲ್ಲಿ ಸದಾ ಎಳೆತವಿರುತ್ತದೆ. ಹಳೆಯ ಗುಡಿಗಳಲ್ಲಿ ಬಿರುಕು ಬಿಟ್ಟ ತೊಲೆಗಳಿಗೆ ಊರುಗಂಬ ಕೊಟ್ಟಿರುವುದನ್ನು ನೀವು ನೋಡಿರಬಹುದು. ಹೊಸ ಅಲುಗಾಟ ಮೊದಲು ಹುಡುಕುವುದು ಇಂಥ ಜಾಗವನ್ನೇ.

ಕಂಪನವನ್ನು ಯಾವುದರಿಂದ ಅಳೆಯಬೇಕು?

ನೆಲ ಅದುರಿದಾಗ ಅದರ ಕಣಗಳು ಹಿಂದೆ ಮುಂದೆ ಚಲಿಸುತ್ತವೆ. ಆ ಚಲನೆಯ ದೂರವನ್ನು ಅಳೆಯಬಹುದು, ವೇಗವನ್ನು ಅಳೆಯಬಹುದು, ವೇಗೋತ್ಕರ್ಷವನ್ನೂ ಅಳೆಯಬಹುದು. ಕಟ್ಟಡಗಳ ಸುರಕ್ಷತೆಗೆ ಇಂಜಿನಿಯರುಗಳು ಆರಿಸಿಕೊಂಡಿರುವುದು ಗರಿಷ್ಠ ಕಣವೇಗವನ್ನು. ಇದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಹೇಳುತ್ತಾರೆ.

ವೇಗವೇ ಏಕೆ? ಅಲೆಯೊಂದು ಮಣ್ಣಿನಲ್ಲಿ ಸಾಗುವಾಗ ಮಣ್ಣು ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬುದು ಮುಖ್ಯ. ಉದ್ದದಲ್ಲಾಗುವ ಬದಲಾವಣೆಯನ್ನು ಮೂಲ ಉದ್ದದಿಂದ ಭಾಗಿಸಿದರೆ ಸಿಗುವ ಈ ಸಂಖ್ಯೆಗೆ ಸ್ಟ್ರೇನ್ ಎನ್ನುತ್ತೇವೆ. ಸರಳ ಅಲೆಯಲ್ಲಿ ಸ್ಟ್ರೇನ್ ಎಂದರೆ ಕಣದ ವೇಗವನ್ನು ಅಲೆಯ ವೇಗದಿಂದ ಭಾಗಿಸಿದಾಗ ಬರುವ ಬೆಲೆ. ಅಲೆಯ ವೇಗ ಸೆಕೆಂಡಿಗೆ 300 ಮೀಟರ್, ಕಣದ ವೇಗ ಸೆಕೆಂಡಿಗೆ 3 ಮಿಲಿಮೀಟರ್ ಇದ್ದರೆ ಸ್ಟ್ರೇನ್ ಒಂದು ಲಕ್ಷದಲ್ಲಿ ಒಂದು ಭಾಗ. ಕಲ್ಲು ಇಟ್ಟಿಗೆಯ ಗೋಡೆ ಎಳೆತದಲ್ಲಿ ಬಿರುಕು ಬಿಡುವುದು ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿ. ಅಂದರೆ ಹತ್ತು ಪಟ್ಟು ಅಂತರವಿದೆ. ಆದರೆ ಹಳೆಯ ಕಟ್ಟಡದಲ್ಲಿ ತಳ ಕುಸಿದು, ತೊಲೆ ಬಾಗಿ, ಗಿಡದ ಬೇರು ಸೇರಿ ಈ ಅಂತರದ ಬಹುಭಾಗ ಆಗಲೇ ಖರ್ಚಾಗಿರುತ್ತದೆ. ಉಳಿದದ್ದು ಎಷ್ಟೆಂದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದಲೇ ಸ್ಮಾರಕಗಳಿಗೆ ಮಿತಿ ಬಿಗಿಯಾಗಿದೆ.

ವೇಗ ಮತ್ತು ಆವೃತ್ತಿ ಗೊತ್ತಿದ್ದರೆ ಉಳಿದೆರಡನ್ನು ನೀವೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 3 ಮಿಲಿಮೀಟರ್ ವೇಗ, 10 ಹರ್ಟ್ಸ್ ಆವೃತ್ತಿ ಎಂದಿಟ್ಟುಕೊಳ್ಳಿ. ಆವೃತ್ತಿಯನ್ನು 2π ನಿಂದ ಗುಣಿಸಿದರೆ 62.8. ವೇಗವನ್ನು ಇದರಿಂದ ಭಾಗಿಸಿದರೆ ಚಲನೆಯ ದೂರ 0.048 ಮಿಲಿಮೀಟರ್. ಗುಣಿಸಿದರೆ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 188 ಮಿಲಿಮೀಟರ್, ಅಂದರೆ ಗುರುತ್ವದ ಸುಮಾರು ಶೇಕಡಾ 2. ಕಣ್ಣಿಗೆ ಕಾಣದ ಚಲನೆ ಇದು.

ಎಷ್ಟು ಕಂಪನವನ್ನು ಸಹಿಸಬಹುದು?

ನಮ್ಮ ದೇಶದಲ್ಲಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆ ಬಂಡೆ ಸಿಡಿತಕ್ಕೆ ಮಿತಿಗಳನ್ನು ನಿಗದಿ ಮಾಡಿದೆ. ಚಾರಿತ್ರಿಕ ಮಹತ್ವದ ಮತ್ತು ಸೂಕ್ಷ್ಮ ಕಟ್ಟಡಗಳಿಗೆ, ಆವೃತ್ತಿ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 2 ಮಿಲಿಮೀಟರ್, 8ರಿಂದ 25 ಹರ್ಟ್ಸ್ ನಡುವೆ 5 ಮಿಲಿಮೀಟರ್, 25 ಹರ್ಟ್ಸ್ ದಾಟಿದರೆ 10 ಮಿಲಿಮೀಟರ್. ಸಾಮಾನ್ಯ ಮನೆಗಳಿಗೆ ಇದೇ ಕ್ರಮದಲ್ಲಿ 5, 10 ಮತ್ತು 15. ಜರ್ಮನಿಯ 4150 ಸಂಖ್ಯೆಯ ಮಾನದಂಡ ಸ್ಮಾರಕಗಳ ತಳದಲ್ಲಿ 10 ಹರ್ಟ್ಸ್ ವರೆಗೆ 3 ಮಿಲಿಮೀಟರನ್ನು ಮಿತಿಯಾಗಿ ಇಟ್ಟುಕೊಂಡಿದೆ.

ಕಡಿಮೆ ಆವೃತ್ತಿಗೆ ಮಿತಿ ಏಕೆ ಕಡಿಮೆ? ಕಾರಣ ಅನುರಣನೆ. ಪ್ರತಿಯೊಂದು ಕಟ್ಟಡಕ್ಕೂ ತನ್ನದೇ ಸಹಜ ಆವೃತ್ತಿಯಿರುತ್ತದೆ. ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಇದು ಸಾಮಾನ್ಯವಾಗಿ ಕೆಲವೇ ಹರ್ಟ್ಸ್‌ಗಳಷ್ಟು. ಕಟ್ಟಡ ಎತ್ತರವಾದಷ್ಟೂ ಇನ್ನೂ ಕಡಿಮೆ. ನೆಲದ ಕಂಪನ ಇದಕ್ಕೆ ಹೊಂದಿದರೆ ತಳದಲ್ಲಿ ಸಣ್ಣದಾಗಿದ್ದ ಅಲುಗಾಟ ಶಿಖರದಲ್ಲಿ ಹಲವು ಪಟ್ಟಾಗುತ್ತದೆ. ಗಟ್ಟಿ ಬಂಡೆಯಲ್ಲಿ ಸಿಡಿತದ ಕಂಪನ ಹೆಚ್ಚು ಆವೃತ್ತಿಯದು. ಆಳವಾದ ಮೆತ್ತನೆಯ ಮಣ್ಣಿನಲ್ಲಿ ದೂರ ಸಾಗಿದಂತೆ ಹೆಚ್ಚು ಆವೃತ್ತಿಯ ಭಾಗ ಸೋಸಿಹೋಗಿ ಕಡಿಮೆಯದು ಉಳಿಯುತ್ತದೆ. ಎರೆ ಭೂಮಿಯ ಮೇಲೆ ನಿಂತ ಗುಡಿಗೂ ಬೆಟ್ಟದ ಬಂಡೆಯ ಮೇಲೆ ನಿಂತ ಕೋಟೆಗೂ ಒಂದೇ ಅಳತೆಗೋಲು ಸಲ್ಲದು ಎಂಬುದನ್ನು ಇದರಿಂದ ತಿಳಿಯಬಹುದು.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಕಂಪನವನ್ನೇ ಮನುಷ್ಯನ ಮೈ ಗುರುತಿಸುತ್ತದೆ. ಆದ್ದರಿಂದ ಅದುರಿದ್ದು ನಮಗೆ ಗೊತ್ತಾಯಿತು ಎಂದ ಮಾತ್ರಕ್ಕೆ ಗುಡಿಗೆ ಹಾನಿಯಾಯಿತು ಎಂದಲ್ಲ. ಹಾಗೆಯೇ ನೆಲ ನಿಧಾನವಾಗಿ ಕುಸಿದರೆ ಮೈಗೆ ಏನೂ ತಿಳಿಯುವುದಿಲ್ಲ, ಆದರೆ ಹಾನಿ ಆಗಿರುತ್ತದೆ. ಅನಿಸಿಕೆಯನ್ನು ನಂಬದೆ ಅಳತೆಯನ್ನು ನಂಬಬೇಕಾದ ಕಾರಣ ಇದೇ.

ಯಂತ್ರಗಳು, ಸಿಡಿಮದ್ದು ಮತ್ತು ದೂರ

ಅಮೆರಿಕದ ಒಕ್ಕೂಟ ಸಾರಿಗೆ ಆಡಳಿತವು ಕಟ್ಟಡ ಯಂತ್ರಗಳ ಕಂಪನವನ್ನು 25 ಅಡಿ, ಅಂದರೆ 7.6 ಮೀಟರ್ ದೂರದಲ್ಲಿ ಹೀಗೆ ಅಂದಾಜಿಸಿದೆ: ಬಡಿದು ಇಳಿಸುವ ಪೈಲ್ ಸೆಕೆಂಡಿಗೆ ಸುಮಾರು 16 ಮಿಲಿಮೀಟರ್, ಕಂಪಿಸುವ ರೋಲರ್ 5.3, ಬಂಡೆ ಒಡೆಯುವ ಬ್ರೇಕರ್ 2.3, ತುಂಬಿದ ಲಾರಿ 1.9. ದೂರ ಹೆಚ್ಚಿದಂತೆ ಇದು ದೂರದ ಒಂದೂವರೆ ಘಾತದಲ್ಲಿ ಇಳಿಯುತ್ತದೆ. 30 ಮೀಟರ್ ಆಚೆ ರೋಲರಿನ ಕಂಪನ ಸುಮಾರು 0.7 ಮಾತ್ರ. ಗುಡಿಯ ಗೋಡೆಗೆ ತಾಗಿಯೇ ರಸ್ತೆ ಹೋಗುವ ನಮ್ಮ ಹಳ್ಳಿಗಳಲ್ಲಿ ಸಮಸ್ಯೆ ಎಲ್ಲಿದೆ ಎಂಬುದು ಈ ಅಂಕಿಗಳಿಂದ ಗೊತ್ತಾಗುತ್ತದೆ. ಅಲ್ಲಿ ಕಂಪನವನ್ನು ಬಂದ್ ಮಾಡಿ ರೋಲರಿನ ಬರಿಯ ಭಾರದಿಂದಲೇ ದಮ್ಮಸು ಮಾಡುವುದು ಸುಲಭ ಪರಿಹಾರ. ರೋಲರಿನ ಕಂಪನ ಶುರುವಾಗುವಾಗ ಮತ್ತು ನಿಲ್ಲುವಾಗ ಅದು ಕಡಿಮೆ ಆವೃತ್ತಿಗಳನ್ನು ದಾಟಿ ಹೋಗುತ್ತದೆ. ಆದ್ದರಿಂದ ಸ್ವಿಚ್ ಹಾಕುವುದು, ತೆಗೆಯುವುದು ಗುಡಿಯಿಂದ ದೂರದಲ್ಲೇ ಆಗಬೇಕು.

ಸಿಡಿಮದ್ದಿನ ಲೆಕ್ಕ ಬೇರೆ. ಇಲ್ಲಿ ದೂರವನ್ನು ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಿ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಆ ಸಂಖ್ಯೆಯ 1.6ನೆಯ ಘಾತದಿಂದ 1140ನ್ನು ಭಾಗಿಸಿದರೆ ಗರಿಷ್ಠ ಕಣವೇಗದ ಒರಟು ಅಂದಾಜು ಸಿಗುತ್ತದೆ. ದೂರ ಮೀಟರಿನಲ್ಲಿ, ತೂಕ ಕಿಲೋಗ್ರಾಮಿನಲ್ಲಿ ಇರಬೇಕು. 1140 ಮತ್ತು 1.6 ಜಾಗದಿಂದ ಜಾಗಕ್ಕೆ ಬದಲಾಗುವ ಸಂಖ್ಯೆಗಳು. ಪ್ರಾಯೋಗಿಕ ಸಿಡಿತ ನಡೆಸಿ ಆಯಾ ಜಾಗಕ್ಕೆ ಕಂಡುಕೊಳ್ಳಬೇಕು.

300 ಮೀಟರ್ ದೂರದಲ್ಲಿ 100 ಕಿಲೋಗ್ರಾಂ ಮದ್ದು ಒಮ್ಮೆಲೇ ಸಿಡಿದರೆ ಏನಾಗುತ್ತದೆ? 300ನ್ನು 10ರಿಂದ ಭಾಗಿಸಿದರೆ 30, ಅದರ 1.6ನೆಯ ಘಾತ ಸುಮಾರು 231. ವೇಗ ಸೆಕೆಂಡಿಗೆ 4.9 ಮಿಲಿಮೀಟರ್. ಕಡಿಮೆ ಆವೃತ್ತಿಯಲ್ಲಿ ಇದು ಸ್ಮಾರಕದ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಅದೇ 100 ಕಿಲೋಗ್ರಾಮನ್ನು ಹತ್ತು ಹತ್ತು ಕಿಲೋಗ್ರಾಮಿನ ಪಾಲು ಮಾಡಿ, ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಸಿಡಿಸಿದರೆ ವೇಗ 0.8ಕ್ಕೆ ಇಳಿಯುತ್ತದೆ. ಒಡೆದ ಕಲ್ಲು ಹೆಚ್ಚುಕಡಿಮೆ ಅಷ್ಟೇ. ತಡವಾಗಿ ಸಿಡಿಯುವ ಡಿಟೋನೇಟರ್ ಬಳಸುವ ಒಂದು ನಿರ್ಧಾರದಿಂದ ಇಷ್ಟು ವ್ಯತ್ಯಾಸವಾಗುತ್ತದೆ.

ಕನ್ನಂಬಾಡಿ ಅಣೆಕಟ್ಟಿನ ಸುತ್ತಲಿನ ಕಲ್ಲು ಗಣಿಗಾರಿಕೆಯ ವಿವಾದದ ತಿರುಳೂ ಇದೇ. 1911ರಲ್ಲಿ ಕೆಲಸ ಆರಂಭವಾದ, ಸುರ್ಕಿ ಗಾರೆಯ ಆ ಕಲ್ಲಿನ ಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದಾಗ, 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅಧ್ಯಯನ ಮುಗಿಯುವವರೆಗೆ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಮೊದಲು ಅಳತೆ, ಆಮೇಲೆ ಅನುಮತಿ ಎಂಬುದು ಆ ಆದೇಶದ ಹಿಂದಿನ ತರ್ಕ.

ಕುಸಿಯುವ ನೆಲ

ಕಂಪನಕ್ಕಿಂತ ಹೆಚ್ಚು ಹಾನಿ ಮಾಡುವುದು ಪಾಯದ ಗುಂಡಿ ಮತ್ತು ನೀರಿನ ಮಟ್ಟದ ಬದಲಾವಣೆ. ಆಳವಾದ ಗುಂಡಿ ತೋಡಿದಾಗ ಪಕ್ಕದ ಮಣ್ಣಿಗೆ ಇದ್ದ ಆಸರೆ ಹೋಗುತ್ತದೆ. ಮಣ್ಣು ಗುಂಡಿಯ ಕಡೆಗೆ ಸರಿದು ಮೇಲಿನ ನೆಲ ತಗ್ಗುತ್ತದೆ. ಇಡೀ ಕಟ್ಟಡ ಸಮನಾಗಿ ತಗ್ಗಿದರೆ ಹೆಚ್ಚು ತೊಂದರೆಯಿಲ್ಲ. ಒಂದು ತುದಿ ಮಾತ್ರ ತಗ್ಗಿದರೆ ಗೋಡೆ ಬಿರಿಯುತ್ತದೆ. ಸ್ಕೆಂಪ್‌ಟನ್ ಮತ್ತು ಮೆಕ್‌ಡೊನಾಲ್ಡ್ 1956ರಲ್ಲಿ ಅನೇಕ ಕಟ್ಟಡಗಳನ್ನು ಪರೀಕ್ಷಿಸಿ, ಉದ್ದದ ಮುನ್ನೂರರಲ್ಲಿ ಒಂದು ಭಾಗದಷ್ಟು ವ್ಯತ್ಯಾಸಕ್ಕೆ ಗೋಡೆಗಳಲ್ಲಿ ಬಿರುಕು ಬರುತ್ತದೆಂದು ತೋರಿಸಿದರು. 6 ಮೀಟರ್ ಉದ್ದದ ಗೋಡೆಗೆ ಇದು ಕೇವಲ 2 ಸೆಂಟಿಮೀಟರ್.

ಗುಂಡಿಗೆ ಬರುವ ನೀರನ್ನು ಪಂಪಿನಿಂದ ಹೊರಹಾಕಿದಾಗ ಮತ್ತೊಂದು ಪರಿಣಾಮವುಂಟು. ನೀರಿನಲ್ಲಿ ಮುಳುಗಿದ ಮಣ್ಣಿನ ಕಣಗಳನ್ನು ನೀರು ಸ್ವಲ್ಪ ಮಟ್ಟಿಗೆ ಎತ್ತಿ ಹಿಡಿದಿರುತ್ತದೆ. ನೀರಿನ ಮಟ್ಟ 3 ಮೀಟರ್ ಇಳಿದರೆ ಆ ಆಸರೆ ತಪ್ಪಿ, ಕೆಳಗಿನ ಮಣ್ಣಿನ ಕಣಗಳ ಮೇಲೆ ಚದರ ಮೀಟರಿಗೆ ಸುಮಾರು 3 ಟನ್ ಭಾರ ಹೆಚ್ಚುತ್ತದೆ. ಗುಡಿಯ ಮೇಲೆ ಯಾರೂ ಒಂದು ಕಲ್ಲನ್ನೂ ಏರಿಸಿಲ್ಲ. ಆದರೂ ಅದರ ಕೆಳಗಿನ ನೆಲಕ್ಕೆ ಹೊಸ ಕಟ್ಟಡವೊಂದನ್ನು ಹೊತ್ತಂತಾಗುತ್ತದೆ. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದಲ್ಲಿ ಮೆಟ್ರೊ ಗುಂಡಿಯ ಗೋಡೆಯ ದೋಷದಿಂದ ಮಣ್ಣು ಮತ್ತು ನೀರು ಒಳನುಗ್ಗಿ, ಪಕ್ಕದ ನಗರ ದಾಖಲೆಗಳ ಭಂಡಾರ ಕುಸಿದುಬಿತ್ತು. ಇಬ್ಬರು ಸತ್ತರು, ಶತಮಾನಗಳ ಕಾಗದಪತ್ರಗಳು ಮಣ್ಣುಪಾಲಾದವು.

ನಮ್ಮ ಎರೆ ಭೂಮಿಯಲ್ಲಿ ನೀರಿನ ಪಾತ್ರ ಇನ್ನೂ ದೊಡ್ಡದು. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲ ಬಾಯಿಬಿಡುವುದನ್ನು ರೋಣ, ನರಗುಂದದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಗುಡಿಯ ಒಂದು ಪಕ್ಕ ಕಾಂಕ್ರೀಟ್ ಹಾಸಿ, ಇನ್ನೊಂದು ಪಕ್ಕ ಚರಂಡಿ ಸೋರಲು ಬಿಟ್ಟರೆ ಒಂದು ಕಡೆ ಒಣ ನೆಲ, ಮತ್ತೊಂದು ಕಡೆ ಹಸಿ ನೆಲ. ಯಾವ ಯಂತ್ರವೂ ಬಾರದೆ ಗೋಡೆ ಬಿರಿಯಲು ಇಷ್ಟು ಸಾಕು.

ನರಗುಂದ ಪಟ್ಟಣದಲ್ಲಿ ಈಚಿನ ವರ್ಷಗಳಲ್ಲಿ ಮಳೆಯ ನಂತರ ಹಳೆಯ ಓಣಿಗಳ ನೆಲ ಏಕಾಏಕಿ ಕುಸಿದು ಗುಂಡಿ ಬಿದ್ದ ಪ್ರಕರಣಗಳು ಸುದ್ದಿಯಾಗಿವೆ. ಮೇಲೇರಿದ ಅಂತರ್ಜಲ ಮತ್ತು ನೆಲದಡಿಯ ಹಳೆಯ ಹಗೇವುಗಳ ಮಾತು ಆಗ ಬಂತು. ಜೋಳ ತುಂಬಿಡಲು ಹಿರಿಯರು ತೋಡಿದ ಈ ಹಗೇವುಗಳು ಬಳಕೆ ತಪ್ಪಿದ ಮೇಲೆ ಹಾಗೆಯೇ ಉಳಿದವು, ಇಲ್ಲವೆ ಸಡಿಲ ಮಣ್ಣಿನಿಂದ ಮುಚ್ಚಿಹೋದವು. ಒಣಗಿರುವಾಗ ಸಡಿಲ ಮಣ್ಣಿಗೂ ಸ್ವಲ್ಪ ಬಲವಿರುತ್ತದೆ. ನೀರು ತುಂಬಿದೊಡನೆ ಆ ಬಲ ಹೋಗುತ್ತದೆ. ಹಳೆಯ ಊರಿನ ನೆಲದಡಿ ಏನಿದೆ ಎಂದು ತಿಳಿಯದೆ ಭಾರದ ಯಂತ್ರ ಇಳಿಸುವುದು ಸ್ಮಾರಕಕ್ಕೂ ಅಪಾಯ, ಚಾಲಕನಿಗೂ ಅಪಾಯ. ಊರಿನ ಹಿರಿಯರನ್ನು ಕೇಳಿ ಹಗೇವುಗಳ ನಕ್ಷೆ ಮಾಡುವುದು ಮೊದಲ ಕೆಲಸವಾಗಬೇಕು. ನೆಲದೊಳಗೆ ರೇಡಿಯೊ ಅಲೆ ಕಳಿಸಿ ಪೊಳ್ಳು ಹುಡುಕುವ ರಾಡಾರ್ ಇದೆಯಾದರೂ ಹಸಿ ಜೇಡಿಯಲ್ಲಿ ಆ ಅಲೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ.

ತಡೆಯುವ ದಾರಿಗಳು

ಕೆಲಸ ಶುರುವಾಗುವ ಮುಂಚೆ ಸ್ಮಾರಕದ ಪ್ರತಿಯೊಂದು ಬಿರುಕನ್ನೂ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು ದಾಖಲಿಸಬೇಕು. ಇದಿಲ್ಲದಿದ್ದರೆ ಆಮೇಲೆ ಕಂಡ ಬಿರುಕು ಹೊಸದೋ ಹಳೆಯದೋ ಎಂಬ ಜಗಳ ಮುಗಿಯುವುದಿಲ್ಲ. ಎರಡನೆಯದಾಗಿ, ಕಟ್ಟಡದ ತಳದಲ್ಲಿ ಮೂರು ದಿಕ್ಕುಗಳ ವೇಗವನ್ನೂ ದಾಖಲಿಸುವ ಕಂಪನಮಾಪಕ, ವಾಲುವಿಕೆ ಅಳೆಯುವ ಉಪಕರಣ, ನೀರಿನ ಮಟ್ಟ ನೋಡುವ ಕೊಳವೆಗಳನ್ನು ಇಡಬೇಕು. ಮಿತಿಯ ಅರ್ಧದಷ್ಟಕ್ಕೆ ಎಚ್ಚರಿಕೆ, ಮಿತಿ ಮುಟ್ಟಿದರೆ ಕೆಲಸ ಬಂದ್ ಎಂಬ ನಿಯಮ ಗುತ್ತಿಗೆಯ ಪತ್ರದಲ್ಲೇ ಇರಬೇಕು.

ಮೂರನೆಯದು ವಿಧಾನದ ಆಯ್ಕೆ. ಬಡಿಯುವ ಪೈಲಿನ ಬದಲು ಕೊರೆದು ತುಂಬುವ ಪೈಲ್. ಸಿಡಿಮದ್ದಿನ ಬದಲು ವಜ್ರದ ತಂತಿಯ ಗರಗಸ, ಅಥವಾ ರಂಧ್ರದಲ್ಲಿ ತುಂಬಿದಾಗ ನೀರು ಹೀರಿ ಹಿಗ್ಗಿ ಬಂಡೆಯನ್ನು ಸದ್ದಿಲ್ಲದೆ ಸೀಳುವ ಸುಣ್ಣದ ಪುಡಿ.

ಗುಡಿಯ ಸುತ್ತ ಕಾಲುವೆ ತೋಡಿ ಕಂಪನ ತಡೆಯಬಹುದಲ್ಲ ಎಂದು ನೀವು ಕೇಳಬಹುದು. ತತ್ತ್ವ ಸರಿ, ಲೆಕ್ಕ ಕಷ್ಟ. ಕಾಲುವೆ ಪರಿಣಾಮಕಾರಿಯಾಗಲು ಅದರ ಆಳ ತರಂಗದೂರದ ಸುಮಾರು 0.6 ಪಾಲು ಇರಬೇಕು. ಸೆಕೆಂಡಿಗೆ 200 ಮೀಟರ್ ವೇಗದ, 10 ಹರ್ಟ್ಸ್‌ನ ಅಲೆಗೆ ತರಂಗದೂರ 20 ಮೀಟರ್, ಕಾಲುವೆಯ ಆಳ 12 ಮೀಟರ್. ಗುಡಿಯ ಪಕ್ಕದಲ್ಲಿ 12 ಮೀಟರ್ ಆಳ ತೋಡುವುದೇ ಹೊಸ ಅಪಾಯ. ಕಂಪನವನ್ನು ದಾರಿಯಲ್ಲಿ ತಡೆಯುವುದಕ್ಕಿಂತ ಹುಟ್ಟುವಲ್ಲಿಯೇ ಕಡಿಮೆ ಮಾಡುವುದು ಮೇಲು.

ಏನೂ ಸಾಧ್ಯವಾಗದಿದ್ದಾಗ ಕಟ್ಟಡವನ್ನೇ ಸರಿಸಿದ ಉದಾಹರಣೆ ನಮ್ಮಲ್ಲಿದೆ. ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ತಳದಿಂದ ಬಿಡಿಸಿ, ಉಕ್ಕಿನ ತೊಲೆಗಳ ಮೇಲೆ ಕೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸರಿಸಲಾಯಿತು. ಸುಮಾರು ಸಾವಿರ ಟನ್ ತೂಗುವ ಕಟ್ಟಡ ಒಡೆಯದೆ ಉಳಿಯಬೇಕಾದರೆ ಎಲ್ಲ ಜಾಕ್‌ಗಳೂ ಒಂದೇ ಮಟ್ಟದಲ್ಲಿ ಏರಬೇಕು. ಪಾಸ್ಕಲನ ನಿಯಮ ಪಾಠ ಮಾಡುವಾಗ ಇದನ್ನು ಹೇಳಿ. ಆದರೆ ಇದು ಕೊನೆಯ ಉಪಾಯ. ಸೂಡಿಯ ಕುಂಡವನ್ನೋ ಗಜೇಂದ್ರಗಡದ ಕೋಟೆಯನ್ನೋ ಸರಿಸಲಾಗದು.

ಕಾನೂನು ಎಲ್ಲಿಯವರೆಗೆ?

ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯಿದೆ, ಅದರ 2010ರ ತಿದ್ದುಪಡಿ ಅನ್ವಯಿಸುತ್ತವೆ. ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ಅನುಮತಿ ಬೇಕು. ರಾಜ್ಯದ ರಕ್ಷಣೆಯ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯಿದೆಯಿದೆ. ಮನೆ ಕಟ್ಟುವ ಕಂಪನಕ್ಕೆ ಈ 300 ಮೀಟರ್ ಸಾಕು. ದೊಡ್ಡ ಸಿಡಿತಕ್ಕೆ ಸಾಲದು. ಮೇಲಿನ ಸೂತ್ರದ ಪ್ರಕಾರ 100 ಕಿಲೋಗ್ರಾಮಿನ ಸಿಡಿತ 2 ಮಿಲಿಮೀಟರಿಗೆ ಇಳಿಯಲು 530 ಮೀಟರ್ ದೂರ ಬೇಕು. ಇನ್ನು ಯಾವ ಪಟ್ಟಿಯಲ್ಲೂ ಇಲ್ಲದ ನೂರಾರು ಗುಡಿ, ಬಾವಿ, ಅಗಸೆ, ವಾಡೆಗಳಿಗೆ ಈ ಗಡಿಗಳೇ ಇಲ್ಲ. ಅವುಗಳ ರಕ್ಷಣೆ ಊರಿನವರ ತಿಳಿವಳಿಕೆಯನ್ನೇ ನಂಬಿದೆ.

ಶಾಲೆ, ಕಾಲೇಜುಗಳಲ್ಲಿ

ಶಿಕ್ಷಕರು ಇದನ್ನು ಪ್ರಯೋಗವಾಗಿಸಬಹುದು. ಸ್ಮಾರಕಕ್ಕೆ ಏನನ್ನೂ ಅಂಟಿಸಬೇಡಿ, ಗೆರೆ ಎಳೆಯಬೇಡಿ. ನಿಮ್ಮ ಶಾಲೆಯ ಗೋಡೆಯೇ ಸಾಕು. ಗೋಡೆಗೆ ಸಣ್ಣ ಕನ್ನಡಿ ಅಂಟಿಸಿ, 5 ಮೀಟರ್ ದೂರದಿಂದ ಲೇಸರ್ ಕಿರಣ ಬಿಟ್ಟು, ಹಿಂದಿರುಗಿದ ಚುಕ್ಕೆಯನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಕಿರಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕನ್ನಡಿ ಒಂದು ಕೋನ ವಾಲಿದರೆ ಕಿರಣ ಎರಡರಷ್ಟು ತಿರುಗುತ್ತದೆ. ಡಿಗ್ರಿಯ ಅರವತ್ತನೆಯ ಒಂದು ಭಾಗ ವಾಲಿದರೂ ಚುಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ಅಳೆದರೆ ಎರೆ ನೆಲದ ಉಬ್ಬುವಿಕೆ ಮಕ್ಕಳಿಗೇ ಕಾಣಬಹುದು. ಮೊಬೈಲಿನೊಳಗಿನ ವೇಗೋತ್ಕರ್ಷ ಸಂವೇದಕದಿಂದ ಲಾರಿ, ರೋಲರ್ ಹಾದಾಗಿನ ಆವೃತ್ತಿ ನೋಡಬಹುದು. ಸಣ್ಣ ಕಂಪನ ಅದಕ್ಕೆ ಸಿಗುವುದಿಲ್ಲವಾದ್ದರಿಂದ ದೂರು ಕೊಡಲು ಆ ಅಂಕಿ ಸಾಲದು.

ಊರಿನ ಹಳೆಯ ಕಟ್ಟಡಗಳ ಬಿರುಕುಗಳನ್ನು ವರ್ಷಕ್ಕೊಮ್ಮೆ ಅದೇ ಜಾಗದಿಂದ, ಅದೇ ಅಳತೆಪಟ್ಟಿಯೊಂದಿಗೆ, ತಾರೀಖು ಸಮೇತ ಚಿತ್ರ ತೆಗೆದು ಶಾಲೆಯಲ್ಲಿ ಇಡಿ. ಗಾರೆಯಿಲ್ಲದ ಗೋಡೆಯಲ್ಲಿ ಜಾರಿದ ಕಲ್ಲು ತಾನಾಗಿ ಹಿಂದಕ್ಕೆ ಬರುವುದಿಲ್ಲ. ಅದು ಜಾರುತ್ತಿದೆ ಎಂದು ಮುಂಚೆಯೇ ತೋರಿಸಬಲ್ಲದ್ದು ಇಂಥ ದಾಖಲೆ ಮಾತ್ರ. ನಾಳೆ ಪಕ್ಕದಲ್ಲಿ ಕೆಲಸ ಶುರುವಾದಾಗ ಇಂಜಿನಿಯರು ಮೊದಲು ಕೇಳುವುದೂ ಅದನ್ನೇ.